ಉತ್ಕರ್ಷಣ ನಿರೋಧಕ ಕಿಣ್ವಗಳು: ಮುಪ್ಪು ಮತ್ತು ಕ್ಯಾನ್ಸರಿನಲ್ಲಿ ಅವುಗಳ ಪಾತ್ರ

ಮಳೆಗೆ ಸಿಕ್ಕ ನೇಗಿಲ ಗುಳ ತುಕ್ಕು ಹಿಡಿಯುತ್ತದೆ. ಬಹುಕಾಲ ಇಟ್ಟ ಶೇಂಗಾ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಇವೆರಡಕ್ಕೂ ಗಾಳಿಯಲ್ಲಿರುವ ಆಮ್ಲಜನಕವೇ ಕಾರಣ. ಈ ಕ್ರಿಯೆಗೆ ಉತ್ಕರ್ಷಣ ಎಂದು ಹೆಸರು. ಉಸಿರಾಟಕ್ಕೆ ಅತ್ಯವಶ್ಯವಾದ ಆಮ್ಲಜನಕವು ಜೀವಕೋಶದ ಒಳಗೂ ಇಂತಹ ಹಾನಿಯನ್ನು ಮಾಡಬಲ್ಲದು. ಆದರೂ ಪ್ರಾಣಿ ಮತ್ತು ಸಸ್ಯಗಳು ಬದುಕಿರುವುದು ಜೀವಕೋಶಗಳಲ್ಲಿರುವ ಕೆಲವು ಕಾವಲು ಕಿಣ್ವಗಳಿಂದ.

ಕಿಣ್ವಗಳ ಕೆಲಸ

ಆಹಾರದಿಂದ ಶಕ್ತಿ ಪಡೆಯುವಾಗ ಜೀವಕೋಶವು ಆಮ್ಲಜನಕವನ್ನು ಬಳಸಿ ನೀರನ್ನಾಗಿ ಮಾರ್ಪಡಿಸುತ್ತದೆ. ಅದರ ಒಂದು ಸಣ್ಣ ಭಾಗ ಮಾತ್ರ ದಾರಿ ತಪ್ಪಿ ಸೂಪರ್ ಆಕ್ಸೈಡ್ ಎಂಬ ಉಗ್ರ ಕಣವಾಗುತ್ತದೆ. ಇದು ಮತ್ತು ಇದರಿಂದ ಹುಟ್ಟುವ ಇತರ ಕಣಗಳು ಜೀವಕೋಶದ ಕೊಬ್ಬು, ಸಸಾರಜನಕ ಹಾಗೂ ವಂಶವಾಹಿಗಳಿಗೆ ಪೆಟ್ಟು ಕೊಡುತ್ತವೆ.

ಈ ಕಣವನ್ನು ಹೈಡ್ರೊಜನ್ ಪೆರಾಕ್ಸೈಡ್ ಆಗಿ ಬದಲಿಸುವುದು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವ. ಇದರ ಕೆಲಸವನ್ನು 1969ರಲ್ಲಿ ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿಕೊಟ್ಟರು. ಇದರಲ್ಲಿ ಒಂದು ಬಗೆಗೆ ತಾಮ್ರ ಮತ್ತು ಸತುವು ಬೇಕು. ಇನ್ನೊಂದಕ್ಕೆ ಮ್ಯಾಂಗನೀಸ್ ಬೇಕು. ಹೈಡ್ರೊಜನ್ ಪೆರಾಕ್ಸೈಡ್ ಕೂಡ ಹಾನಿಕರವಾದುದರಿಂದ, ಕಬ್ಬಿಣವುಳ್ಳ ಕೆಟಲೇಸ್ ಮತ್ತು ಸೆಲೆನಿಯಂ ಉಳ್ಳ ಗ್ಲುಟಥಯೋನ್ ಪೆರಾಕ್ಸಿಡೇಸ್ ಅದನ್ನು ಒಡೆಯುತ್ತವೆ.

ಇದನ್ನು ಮನೆಯಲ್ಲೇ ನೋಡಬಹುದು. ಹಸಿ ಆಲೂಗೆಡ್ಡೆಯ ಹೋಳಿನ ಮೇಲೆ ಔಷಧಿ ಅಂಗಡಿಯಲ್ಲಿ ದೊರೆಯುವ ಹೈಡ್ರೊಜನ್ ಪೆರಾಕ್ಸೈಡನ್ನು ಎರಡು ಹನಿ ಹಾಕಿದರೆ ನೊರೆ ಏಳುತ್ತದೆ. ಕೆಟಲೇಸ್ ಅದನ್ನು ಒಡೆದಾಗ ಹೊರಬಿದ್ದ ಆಮ್ಲಜನಕವೇ ಆ ನೊರೆ. ಚೆನ್ನಾಗಿ ಬೇಯಿಸಿದ ಹೋಳಿನಲ್ಲಿ ನೊರೆ ಬರುವುದಿಲ್ಲ. ಕಿಣ್ವ ಕಾವಿಗೆ ಕೆಟ್ಟಿರುತ್ತದೆ.

ಕಾವಲು ಸೋತಾಗ

ಕಾವಲು ಸೋತರೆ ಏನಾಗುವುದೆಂಬುದಕ್ಕೆ ಪ್ಯಾರಾಕ್ವಾಟ್ ಕಳೆನಾಶಕವೇ ಉದಾಹರಣೆ. ಬಿಸಿಲಿನಲ್ಲಿ ಎಲೆಯು ಆಹಾರ ತಯಾರಿಸುವಾಗ ಹರಿಯುವ ಎಲೆಕ್ಟ್ರಾನುಗಳನ್ನು ಇದು ಕಸಿದು ಆಮ್ಲಜನಕಕ್ಕೆ ಕೊಡುತ್ತದೆ. ಆಗ ಸೂಪರ್ ಆಕ್ಸೈಡ್ ಮಿತಿಮೀರಿ ಉತ್ಪತ್ತಿಯಾಗುತ್ತದೆ. ಕಿಣ್ವಗಳು ಅದನ್ನು ತಡೆಯಲಾರವು. ಕೆಲವೇ ಗಂಟೆಗಳಲ್ಲಿ ಕಳೆ ಬಾಡಿ ಸುಟ್ಟಂತಾಗುತ್ತದೆ. ಮನುಷ್ಯನ ಹೊಟ್ಟೆ ಸೇರಿದರೆ ಈ ವಿಷ ಶ್ವಾಸಕೋಶದಲ್ಲಿ ಶೇಖರವಾಗಿ ಅಲ್ಲಿಯೂ ಇದೇ ಬಗೆಯ ಹಾನಿ ಮಾಡುತ್ತದೆ. ಇದಕ್ಕೆ ಪ್ರತ್ಯೌಷಧವಿಲ್ಲ. ಆಮ್ಲಜನಕ ಕೊಟ್ಟರೆ ಹಾನಿ ಹೆಚ್ಚುವುದರಿಂದ, ಅನಿವಾರ್ಯವಾದ ಹೊರತು ವೈದ್ಯರು ಅದನ್ನೂ ಕೊಡುವುದಿಲ್ಲ.

ಮುಪ್ಪು ಮತ್ತು ಕ್ಯಾನ್ಸರ್

ಕಳೆಯಲ್ಲಿ ಗಂಟೆಗಳಲ್ಲಿ ನಡೆಯುವ ಇಂತಹ ಹಾನಿಯೇ ದೇಹದಲ್ಲಿ ವರ್ಷಗಟ್ಟಲೆ ಕೂಡಿಬಂದು ಮುಪ್ಪು ಬರುತ್ತದೆಂದು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ವಾದಿಸಿದರು. ಇಲಿಗಳ ಮೇಲಿನ ಪ್ರಯೋಗಗಳಿಂದ ವಿಷಯ ಅಷ್ಟು ಸರಳವಲ್ಲವೆಂದು ತಿಳಿದಿದೆ. ಮ್ಯಾಂಗನೀಸ್ ಬಗೆಯ ಡಿಸ್ಮ್ಯುಟೇಸ್ ಸಂಪೂರ್ಣ ಇಲ್ಲದ ಇಲಿಮರಿಗಳು ಹುಟ್ಟಿದ ಕೆಲವು ದಿನ ಅಥವಾ ವಾರಗಳಲ್ಲಿ ಸತ್ತವು. ಅದೇ ಕಿಣ್ವ ಅರ್ಧದಷ್ಟಿದ್ದ ಇಲಿಗಳಲ್ಲಿ ವಂಶವಾಹಿಗಳ ಹಾನಿ ಮತ್ತು ಕ್ಯಾನ್ಸರ್ ಹೆಚ್ಚಿದವು. ಆದರೆ ಆಯುಸ್ಸು ಕುಗ್ಗಲಿಲ್ಲವೆಂದು 2003ರಲ್ಲಿ ವರದಿಯಾಯಿತು. ಆದುದರಿಂದ ಈ ಕಿಣ್ವಗಳು ಕ್ಯಾನ್ಸರನ್ನು ತಡೆಯುವಲ್ಲಿ ನೆರವಾಗುತ್ತವೆ ಎನ್ನಬಹುದು. ಮುಪ್ಪಿಗೆ ಇದೊಂದೇ ಕಾರಣವೆನ್ನಲಾಗದು. ಒಮ್ಮೆ ಕ್ಯಾನ್ಸರ್ ಬೇರೂರಿದ ಮೇಲೆ ಆ ಜೀವಕೋಶಗಳು ಇವೇ ಕಿಣ್ವಗಳನ್ನು ತಮ್ಮ ರಕ್ಷಣೆಗೂ ಬಳಸಿಕೊಳ್ಳುತ್ತವೆ.

ಗುಳಿಗೆಯಿಂದ ಲಾಭವಿದೆಯೆ?

ಕಿಣ್ವಗಳು ಸಸಾರಜನಕದಿಂದಾದವು. ನುಂಗಿದರೆ ಬೇಳೆಯ ಸಸಾರಜನಕದಂತೆ ಹೊಟ್ಟೆಯಲ್ಲಿ ಜೀರ್ಣವಾಗುತ್ತವೆ. ಉತ್ಕರ್ಷಣವನ್ನು ತಡೆಯುವ ಇತರ ವಸ್ತುಗಳ ಗುಳಿಗೆಗಳನ್ನೂ ಪರೀಕ್ಷಿಸಲಾಗಿದೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಿತ್ತು. ಅಮೆರಿಕದ ಇಂತಹುದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾಗೆಂದು ಗಜ್ಜರಿ, ಸೊಪ್ಪು ತಿನ್ನಲು ಹೆದರಬೇಕಾಗಿಲ್ಲ. ಹಾನಿ ಕಂಡುಬಂದದ್ದು ಧೂಮಪಾನಿಗಳು ಹೆಚ್ಚಿನ ಪ್ರಮಾಣದ ಗುಳಿಗೆ ನುಂಗಿದಾಗ.

ರೈತರು ಗಮನಿಸಬೇಕಾದ ಅಂಶಗಳು

1. ಬೀಡಿ, ಸಿಗರೇಟು ಹಾಗೂ ಜಗಿಯುವ ಹೊಗೆಸೊಪ್ಪನ್ನು ಬಿಡಬೇಕು. ಹೊಗೆಯ ಪ್ರತಿ ಸೇದಿಕೆಯೂ ಶ್ವಾಸಕೋಶದ ಕಿಣ್ವಗಳ ಮೇಲೆ ಹೊರೆ ಹೇರುತ್ತದೆ.

2. ಕಳೆನಾಶಕವನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಸೀಸೆಗೆ ಎಂದೂ ಸುರಿದಿಡಬಾರದು, ಬೀಗದಲ್ಲಿಡಬೇಕು. ಸಿಂಪಡಿಸುವಾಗ ಕೈಗವಸು, ಮುಖ ರಕ್ಷಕ ಧರಿಸಬೇಕು. ಚರ್ಮದ ಮೇಲೆ ಬಿದ್ದರೆ ಕೂಡಲೇ ಸೋಪು ಹಚ್ಚಿ ತೊಳೆಯಬೇಕು. ಒಂದು ಗುಟುಕು ಒಳಗೆ ಹೋದರೂ, ವಾಂತಿಯಾಗಲಿ ಆಗದಿರಲಿ, ಡಬ್ಬಿಯ ಚೀಟಿ ಸಹಿತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮೊದಲ ದಿನ ಚೆನ್ನಾಗಿ ಕಂಡ ರೋಗಿಯೂ ನಂತರ ಸಾಯಬಹುದು.

3. ರಾಗಿ, ಬೇಳೆಕಾಳು, ಶೇಂಗಾ, ಎಳ್ಳು, ಸೊಪ್ಪು ಊಟದಲ್ಲಿರಲಿ. ತಿನ್ನುವವರಿಗೆ ಮೊಟ್ಟೆ, ಮೀನು ಸಹ ಒಳ್ಳೆಯದು. ಕಿಣ್ವಗಳಿಗೆ ಬೇಕಾದ ಖನಿಜಗಳು ಇವುಗಳಿಂದ ದೊರೆಯುತ್ತವೆ.

4. ಸತುವಿನ ಕೊರತೆಯಿರುವ ಬೆಳೆಯಲ್ಲೂ ಈ ಕಿಣ್ವ ಕುಂದಿ, ಬಿರುಬಿಸಿಲಿಗೆ ಎಲೆಗಳು ಬೇಗ ಸುಡುತ್ತವೆ. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನಂತೆ ಸತುವಿನ ಸಲ್ಫೇಟ್ ಹಾಕಬೇಕು.

5. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಇಂತಹ ಗುಳಿಗೆಗಳನ್ನು ನುಂಗಬಾರದು. ವಿಕಿರಣ ಹಾಗೂ ಕೆಲವು ಔಷಧಿಗಳು ಉತ್ಕರ್ಷಣದ ಮೂಲಕವೇ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತವೆ.

ಈ ಕಿಣ್ವಗಳನ್ನು ಯಾವ ಅಂಗಡಿಯಿಂದಲೂ ತರಲಾಗದು. ದೇಹವೇ ಅವನ್ನು ತಯಾರಿಸಿಕೊಳ್ಳುತ್ತದೆ. ಅವುಗಳ ಮೇಲಿನ ಹೊರೆಯನ್ನು ಇಳಿಸುವುದು ಮತ್ತು ಅವಕ್ಕೆ ಬೇಕಾದ ಖನಿಜಗಳನ್ನು ಊಟದಲ್ಲಿ ಒದಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ.