ಮುಟ್ಟಿದರೆ ಒಂದು, ತಲೆಗೆ ಒದ್ದರೆ ಎರಡು

2021ರ ಆಗಸ್ಟ್ 7, ಟೋಕಿಯೊ ಒಲಿಂಪಿಕ್ಸ್. ಕರಾಟೆಯಲ್ಲಿ 75 ಕೆ.ಜಿ. ಮೇಲ್ಪಟ್ಟ ಪುರುಷರ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೀದಿ 4–1ರಿಂದ ಮುಂದಿದ್ದರು. ಇರಾನಿನ ಸಜ್ಜಾದ್ ಗಂಜ್‌ಜಾದೆ ಮುನ್ನುಗ್ಗಿದರು, ಹಮೀದಿಯ ಕಾಲು ಮೇಲೆದ್ದು ಬಡಿಯಿತು, ಗಂಜ್‌ಜಾದೆ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದರು. ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಆಮೇಲೆ ತೀರ್ಪು ಬಂತು: ಹಮೀದಿ ಅನರ್ಹ, ಚಿನ್ನ ಗಂಜ್‌ಜಾದೆಗೆ. ನೆಲಕ್ಕುರುಳಿದವನು ಗೆದ್ದ, ಉರುಳಿಸಿದವನು ಕಣ್ಣೀರು ಒರೆಸಿಕೊಳ್ಳುತ್ತ ಬೆಳ್ಳಿ ಹಾಕಿಸಿಕೊಂಡ.

ಆ ವಾರ ವಾಟ್ಸಾಪ್‌ನಲ್ಲಿ ಈ ವಿಡಿಯೊ ಕಳಿಸಿ ನಕ್ಕವರು ಬಹಳ. ತಾಗಿದ ಹೊಡೆತಕ್ಕೆ ಅಂಕ ಎಣಿಸುವ ಪಾಯಿಂಟ್ ಸ್ಪಾರಿಂಗ್ ಅಂಕಣದಲ್ಲಿ ನಿಂತು ನೋಡಿದವರಿಗೆ ಮಾತ್ರ ಅಷ್ಟು ನಗು ಬರಲಿಲ್ಲ. ತೀರ್ಪು ಇಷ್ಟವಾಗಲಿ ಬಿಡಲಿ, ನಿಯಮ ಇರುವುದೇ ಹಾಗೆ. ಇಲ್ಲಿ ಹೊಡೆತ ಗುರಿ ಮುಟ್ಟಬೇಕು, ಗುರಿಯನ್ನು ಮುರಿಯಬಾರದು. ಕುಂಗ್ ಫೂ ಶಾಲೆಯಿಂದ ಬಂದವನಿಗೆ ಈ ಒಂದು ಮಾತು ತಲೆಗೆ ಇಳಿಯಲು ವರ್ಷಗಳೇ ಹಿಡಿಯುತ್ತವೆ. ನನಗೂ ಹಿಡಿದವು.

ಬ್ರಿಟನ್ನಿನಲ್ಲಿ ಈ ಪಾಯಿಂಟ್ ಆಟವನ್ನು ಬಹುಕಾಲ ಸೆಮಿ-ಕಾಂಟ್ಯಾಕ್ಟ್ ಎಂದೇ ಕರೆಯುತ್ತಿದ್ದರು. ಅಲ್ಲಿ ಅದಕ್ಕೂ ಕುಂಗ್ ಫೂಗೂ ಹಳೆಯ ನಂಟು. ದಕ್ಷಿಣ ಚೀನಾ ಮೂಲದ ಲಾವ್ ಗಾರ್ ಎಂಬ ಪದ್ಧತಿಯನ್ನು ಆ ದೇಶದಲ್ಲಿ ಬೆಳೆಸಿದವರು ಜೆರೆಮಿ ಯಾವ್. ಆ ಶಾಲೆಗಳ ಹುಡುಗರು ಕರಾಟೆಯವರ ಜೊತೆ ಒಂದೇ ಮ್ಯಾಟ್ ಮೇಲೆ ಇಳಿದು ಪದಕ ಹೊಡೆದುಕೊಂಡು ಬಂದರು. 1980ರ ದಶಕದಲ್ಲಿ ಹೆಸರು ಮಾಡಿದ ಕೆವಿನ್ ಬ್ರೂವರ್ಟನ್ ಅವರಲ್ಲೊಬ್ಬರು. ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮ್ ಸೇರಿದ ಮಂಡ್ಯ ಕಡೆಯ ನನ್ನಂಥವನು ಚಳಿಗಾಲದ ಸಂಜೆ ಮೈ ಬೆಚ್ಚಗಾಗಲಿ ಎಂದು ಸೇರಿದ್ದು ಅಂಥದೇ ಒಂದು ತರಗತಿಗೆ. ಟೂರ್ನಿಗೆ ಹೆಸರು ಕೊಟ್ಟ ಸುದ್ದಿ ಕೇಳಿ ಅವ್ವ ಫೋನಿನಲ್ಲಿ ಅಂದದ್ದು ಇಷ್ಟು: “ಅಲ್ಲ ಕನ್ಲಾ, ಒದೆ ತಿನ್ನಕ್ಕೆ ದುಡ್ಡು ಬೇರೆ ಕಟ್ಟೀಯಾ?”

ನಿಯಮ ಕೇಳಲು ಸುಲಭ. ಕಿಕ್‌ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ವಾಕೊದ ಪಾಯಿಂಟ್ ಫೈಟಿಂಗ್‌ನಲ್ಲಿ ಕೈಯೇಟಿಗೆ 1, ಮೈಗೆ ಬಿದ್ದ ಒದೆಗೆ 1, ತಲೆಗೆ ಬಿದ್ದ ಒದೆಗೆ 2 ಅಂಕ. ಜಿಗಿದು ಮೈಗೆ ಒದ್ದರೆ 2, ತಲೆಗೆ ಒದ್ದರೆ 3. ಪಾದದಿಂದ ಕಾಲು ಗುಡಿಸಿ ಬೀಳಿಸಿದರೂ ಅಂಕ ಉಂಟು. ಹತ್ತು ಅಂಕದ ಅಂತರ ಬಂದರೆ ಪಂದ್ಯ ಅಲ್ಲಿಗೇ ಮುಗಿಯಿತು. ಮಂಡಿ, ಮೊಣಕೈ, ತೊಡೆಗೆ ಒದೆಯುವುದು, ಹಿಡಿದುಕೊಳ್ಳುವುದು ನಿಷಿದ್ಧ. ಪ್ರತಿ ಬಾರಿ ಹೊಡೆತ ತಾಗಿದಂತೆ ಕಂಡಾಗ ರೆಫರಿ “ಸ್ಟಾಪ್” ಎನ್ನುತ್ತಾರೆ, ಇಬ್ಬರೂ ತಮ್ಮ ಜಾಗಕ್ಕೆ ಮರಳುತ್ತಾರೆ, ಮತ್ತೆ ಶುರು.

ಆ “ಸ್ಟಾಪ್” ಎಂಬಲ್ಲೇ ಕುಂಗ್ ಫೂವಿನ ಅರ್ಧ ವಿದ್ಯೆ ಉದುರಿಹೋಗುತ್ತದೆ.

ಏಕೆಂದರೆ ದಕ್ಷಿಣ ಚೀನಾದ ಪದ್ಧತಿಗಳ ಜೀವಾಳ ಇರುವುದು ಹತ್ತಿರದ ಕಾದಾಟದಲ್ಲಿ. ಎದುರಾಳಿಯ ತೋಳಿಗೆ ತೋಳು ತಾಗಿದ ಮೇಲೆ ಅಲ್ಲಿ ಆಟ ಆರಂಭ: ಒಂದು ಕೈ ತಡೆಯುವಾಗಲೇ ಇನ್ನೊಂದು ಹೊಡೆಯುತ್ತದೆ, ಮೊದಲನೆಯದು ಸುಳ್ಳು, ಎರಡನೆಯದು ದಾರಿ ಬಿಡಿಸುವುದು, ಮೂರನೆಯದು ನಿಜವಾದ ಏಟು. ಪಾಯಿಂಟ್ ಅಂಕಣದಲ್ಲಿ ಮೂರನೆಯದು ಬರುವುದೇ ಇಲ್ಲ. ಮೊದಲನೆಯದು ತಾಗುವಷ್ಟರಲ್ಲಿ ಎದುರಾಳಿ ಎರಡು ಮಾರು ದೂರದಿಂದ ಹಾರಿ ಬಂದು ಗ್ಲವ್ಸಿನ ತುದಿಯನ್ನು ಹಣೆಗೆ ತಾಗಿಸಿ ಪಕ್ಕಕ್ಕೆ ಸರಿದಿರುತ್ತಾನೆ. ಹೀಗೆ ನುಗ್ಗುವುದಕ್ಕೆ ಅವರ ಬಾಯಲ್ಲಿ ಬ್ಲಿಟ್ಜ್ ಎಂದು ಹೆಸರು. ಕುಂಗ್ ಫೂವಿನ ಕುದುರೆ ನಿಲುವಿನಲ್ಲಿ ತೊಡೆ ನಡುಗುವವರೆಗೆ ನಿಂತು ಬೆವರು ಸುರಿಸಿದ್ದೆಲ್ಲ ಆ ಗಳಿಗೆಯಲ್ಲಿ ಯಾವ ಲೆಕ್ಕಕ್ಕೂ ಇಲ್ಲ.

ಹಾಗಾಗಿ ಮೊದಲು ಬದಲಾಗಬೇಕಾದದ್ದು ನಿಲುವು. ಎದೆ ಎದುರಿಗೆ ಕೊಟ್ಟು ನಿಂತರೆ ಇಡೀ ಮೈ ಗುರಿ. ಓರೆಯಾಗಿ ನಿಂತರೆ ಕಾಣುವುದು ಭುಜ ಮತ್ತು ಪಕ್ಕೆಲುಬಿನ ಒಂದು ಪಟ್ಟಿ ಮಾತ್ರ. ಓರೆ ನಿಂತ ಮೇಲೆ ಮುಂಗೈ, ಮುಂಗಾಲುಗಳೇ ದುಡಿಯುತ್ತವೆ, ಹಿಂದಿನವು ಬಹುಪಾಲು ಊರುಗೋಲು. ಇದರಲ್ಲಿ ಅವಮಾನವೇನಿಲ್ಲ. ಅಮೆರಿಕದ ಬಿಲ್ ವಾಲೇಸ್ ಅವರ ಬಲ ಮಂಡಿಗೆ ಜೂಡೋದಲ್ಲಿ ಪೆಟ್ಟಾಗಿತ್ತು. ಅವರು ಓರೆಯಾಗಿ ನಿಂತು ಎಡಗಾಲೊಂದರಿಂದಲೇ ಒದೆಯುತ್ತ ಪಾಯಿಂಟ್ ಟೂರ್ನಿಗಳನ್ನು ಗೆದ್ದರು. 1974ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಫುಲ್ ಕಾಂಟ್ಯಾಕ್ಟ್ ಕರಾಟೆಯ ವಿಶ್ವ ಚಾಂಪಿಯನ್ ಆಗಿದ್ದೂ ಅದೇ ಎಡಗಾಲಿನಿಂದ. ಯಾವ ಕಾಲು ಬರುತ್ತದೆಂದು ಎದುರಾಳಿಗೆ ಮೊದಲೇ ಗೊತ್ತು. ಎಲ್ಲಿಗೆ, ಯಾವಾಗ ಬರುತ್ತದೆಂಬುದು ಗೊತ್ತಿಲ್ಲ. ಸೊಂಟದೆತ್ತರಕ್ಕೆ ಮಂಡಿ ಎತ್ತಿದ ಮೇಲೆ ಅದು ಹೊಟ್ಟೆಗೂ ಹೋಗಬಹುದು, ಕಿವಿಗೂ ಹೋಗಬಹುದು.

ಎರಡನೆಯದು ಅಂತರ. ಇದನ್ನು ನನ್ನ ಕೋಚ್ ಎಷ್ಟು ಹೇಳಿದರೂ ಕಾಲಿಗೆ ಹತ್ತಿರಲಿಲ್ಲ. ಒಂದು ದಿನ ಟೀವಿಯಲ್ಲಿ ಪ್ರೊ ಕಬಡ್ಡಿ ನೋಡುತ್ತ ಕೂತಾಗ ಥಟ್ಟನೆ ಹೊಳೆಯಿತು. ರೈಡರ್ ಮಾಡುವುದೂ ಇದನ್ನೇ ಅಲ್ಲವೇ? ಒಳಗೆ ಒಂದು ಹೆಜ್ಜೆ, ಹೊರಗೆ ಒಂದು ಹೆಜ್ಜೆ, ಎದುರಿನವನ ತೂಕ ಯಾವ ಕಾಲ ಮೇಲಿದೆ ಎಂದು ನೋಡುತ್ತ ಒಂದು ಸುಳ್ಳು ಚಾಚು, ಅವನು ಅಲುಗಿದೊಡನೆ ಹೆಬ್ಬೆರಳ ತುದಿಯಿಂದ ಮುಟ್ಟಿ ವಾಪಸ್. ಊರಿನ ಶಾಲೆಯ ಮಣ್ಣಲ್ಲಿ ಮಂಡಿ ತರಚಿಕೊಂಡು ಕಲಿತದ್ದು ಅಲ್ಲಿಯವರೆಗೆ ಒಳಗೆ ಸುಮ್ಮನೆ ಮಲಗಿತ್ತು. ಕಬಡ್ಡಿ ಆಡಿದವರು ಈ ಆಟಕ್ಕೆ ಬಂದರೆ ಕರಾಟೆ ಆಡಿದವರಿಗಿಂತ ಬೇಗ ಪಳಗುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ಮುಟ್ಟಿದ ಮೇಲೆ ವಾಪಸಾಗುವುದು ಇಲ್ಲಿಯೂ ಮುಖ್ಯ, ಏಕೆಂದರೆ ರೆಫರಿಯ ಬಾಯಿಂದ “ಸ್ಟಾಪ್” ಹೊರಡುವುದಕ್ಕೂ ನಮ್ಮ ಕೈ ತಾಗುವುದಕ್ಕೂ ನಡುವೆ ಒಂದು ಗಳಿಗೆ ಇರುತ್ತದೆ. ಆ ಗಳಿಗೆಯಲ್ಲಿ ತಿರುಗೇಟು ಬಿದ್ದರೆ ಇಬ್ಬರಿಗೂ ಅಂಕ, ಅಥವಾ ಅವನೊಬ್ಬನಿಗೇ.

ಅವನೊಬ್ಬನಿಗೇ ಏಕೆ? ಕಾಣಲಿಲ್ಲವಲ್ಲ, ಅದಕ್ಕೆ. ಮ್ಯಾಟ್ ನಡುವೆ ಒಬ್ಬ ರೆಫರಿ, ಮೂಲೆಗಳಲ್ಲಿ ಇಬ್ಬರು ತೀರ್ಪುಗಾರರು. ಕನಿಷ್ಠ ಇಬ್ಬರು ನೋಡಿ ಬೆರಳೆತ್ತಿದರೆ ಮಾತ್ರ ಅಂಕ. ಕುಂಗ್ ಫೂವಿನ ಗಿಡ್ಡ ಏಟು ಎರಡು ಮೈಗಳ ಸಂದಿಯಲ್ಲಿ ಆಗಿಹೋಗುತ್ತದೆ, ಹೊಡೆದವನಿಗೆ ಗೊತ್ತು, ತಿಂದವನಿಗೆ ಇನ್ನೂ ಚೆನ್ನಾಗಿ ಗೊತ್ತು, ಮೂಲೆಯಲ್ಲಿ ಕೂತವರಿಗೆ ಕಾಣುವುದು ನಮ್ಮ ಬೆನ್ನು ಅಷ್ಟೆ. ಇದನ್ನು ಅನ್ಯಾಯ ಎಂದು ಕೂಗಾಡುವ ಹೊಸಬರನ್ನು ಪ್ರತಿ ಟೂರ್ನಿಯಲ್ಲೂ ಕಾಣಬಹುದು. ಪಳಗಿದವರು ಕೂಗಾಡುವುದಿಲ್ಲ. ಪಂದ್ಯ ಶುರುವಾಗುವ ಮೊದಲೇ ತೀರ್ಪುಗಾರರು ಯಾವ ಮೂಲೆಯಲ್ಲಿ ಕೂತಿದ್ದಾರೆ ಎಂದು ನೋಡಿಟ್ಟುಕೊಂಡು, ತಮ್ಮ ಕೈ ಅವರ ಕಣ್ಣಿಗೆ ಬೀಳುವ ಕೋನಕ್ಕೆ ಎದುರಾಳಿಯನ್ನು ಸುತ್ತಿಸುತ್ತಾರೆ. ತೋಳು ಪೂರ್ತಿ ಚಾಚಿ ಹೊಡೆದು ಅಷ್ಟೇ ಬೇಗ ಹಿಂದೆ ಎಳೆದುಕೊಳ್ಳುತ್ತಾರೆ. ನಾಟಕವೇ? ಸ್ವಲ್ಪ ಹೌದು.

ಟೂರ್ನಿಯ ದಿನದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಬೆಳಗ್ಗೆ ತೂಕ ನೋಡುವ ಸಾಲು, ಆಮೇಲೆ ಗಂಟೆಗಟ್ಟಲೆ ಕಾಯುವುದು, ಬೆಚ್ಚಗಾಗಿದ್ದ ಮೈ ತಣ್ಣಗಾದ ಮೇಲೆಯೇ ಹೆಸರು ಕೂಗುವುದು. ಚಿತ್ರಾನ್ನದ ಡಬ್ಬಿಯನ್ನು ಪಂದ್ಯಕ್ಕೆ ಮೊದಲು ತೆರೆಯಬಾರದು.

ಈ ಆಟವನ್ನು ಕುಂಗ್ ಫೂ ಕಡೆಯಿಂದಲೇ ಬೈದವರಲ್ಲಿ ದೊಡ್ಡ ಹೆಸರು ಬ್ರೂಸ್ ಲೀಯದು. 1964ರಲ್ಲಿ ಎಡ್ ಪಾರ್ಕರ್ ಲಾಂಗ್ ಬೀಚ್‌ನಲ್ಲಿ ನಡೆಸಿದ ಕರಾಟೆ ಟೂರ್ನಿಯಲ್ಲಿ ಒಂದಿಂಚಿನ ಗುದ್ದು ತೋರಿಸಿ ಬೆರಗು ಹುಟ್ಟಿಸಿದ ಲೀ, ತಾಗದಂತೆ ಹೊಡೆಯುವ ಸ್ಪಾರಿಂಗ್ ಅನ್ನು ಒಣನೆಲದ ಮೇಲಿನ ಈಜು ಎಂದು ಗೇಲಿ ಮಾಡುತ್ತಿದ್ದರು. ಆ ಕಾಲದಲ್ಲಿ ಬರಿಗೈಯಲ್ಲೇ ಆಡುತ್ತಿದ್ದುದರಿಂದ ಮುಖದ ಬಳಿ ಏಟು ನಿಲ್ಲಿಸುವುದು ಅನಿವಾರ್ಯವಾಗಿತ್ತು. 1970ರ ದಶಕದಲ್ಲಿ ಟೇಕ್ವಾಂಡೋದ ಜೂನ್ ರೀ ಫೋಮ್‌ನ ಕೈಗವಸು, ಕಾಲ್ಗವಸುಗಳನ್ನು ತಂದ ಮೇಲೆ ತಾಗಿಸುವುದಕ್ಕೆ ಧೈರ್ಯ ಬಂತು. ಲೀಯ ಗೇಲಿಯಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಎದುರಿನವನು ಯಾವಾಗ ಹೊರಡುತ್ತಾನೆಂದು ಓದುವುದನ್ನು ಈ ಆಟ ಕಲಿಸುವಷ್ಟು ಚೆನ್ನಾಗಿ ಬೇರೆ ಯಾವ ಅಭ್ಯಾಸವೂ ನನಗಂತೂ ಕಲಿಸಲಿಲ್ಲ.

ಇದಕ್ಕೆ ಎರಡೂ ಕಡೆಯ ಸಾಕ್ಷಿ ಒಬ್ಬನೇ ಮನುಷ್ಯನಲ್ಲಿ ಸಿಗುತ್ತದೆ. ಲಂಡನ್ನಿನ ಮೈಕೆಲ್ ‘ವೆನಮ್’ ಪೇಜ್ ಬಾಲ್ಯದಲ್ಲೇ ಲಾವ್ ಗಾರ್ ಕಲಿತು ಪಾಯಿಂಟ್ ಫೈಟಿಂಗ್‌ನಲ್ಲಿ ಬೆಳೆದವರು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ (ಎಂಎಂಎ) ಪಂಜರಕ್ಕೆ ಹೋದಾಗಲೂ ಅದೇ ಓರೆ ನಿಲುವು, ಅದೇ ಇಳಿಬಿಟ್ಟ ಕೈ. ದೂರದಿಂದ ಒಮ್ಮೆಲೇ ಒಳನುಗ್ಗುವ ಅವರ ವೇಗಕ್ಕೆ ಬಾಕ್ಸಿಂಗ್, ಕುಸ್ತಿ ಕಲಿತವರು ತಬ್ಬಿಬ್ಬಾದರು. 2016ರಲ್ಲಿ ಇವಾಂಜೆಲಿಸ್ತಾ ಸಾಂಟೋಸ್ ಮೇಲೆ ಅವರು ಹಾರಿ ಕೊಟ್ಟ ಮಂಡಿಯೇಟಿಗೆ ಆತನ ತಲೆಬುರುಡೆಯೇ ಬಿರುಕುಬಿಟ್ಟಿತು. 2019ರ ಮೇನಲ್ಲಿ ಶಿಕಾಗೋ ಬಳಿಯ ರೋಸ್‌ಮಾಂಟ್‌ನಲ್ಲಿ ಡಗ್ಲಸ್ ಲಿಮಾ ಎದುರಾದರು. ಓರೆ ನಿಲುವಿನಲ್ಲಿ ಮುಂದೆ ಚಾಚಿದ್ದ ಪೇಜ್ ಅವರ ಕಾಲಿಗೇ ಲಿಮಾ ಕೆಳಗಿನಿಂದ ಒದ್ದರು. ಪೇಜ್ ಬಿದ್ದು ಏಳುವಷ್ಟರಲ್ಲಿ ಗುದ್ದು ಬಂತು, ಎರಡನೇ ಸುತ್ತಿನಲ್ಲೇ ನಾಕೌಟ್. ಪಾಯಿಂಟ್ ನಿಯಮದಲ್ಲಿ ಕಾಲಿಗೆ ಬಲವಾಗಿ ಒದೆಯುವಂತಿಲ್ಲ, ಬಿದ್ದೊಡನೆ “ಸ್ಟಾಪ್” ಬರುತ್ತದೆ, ಬಿದ್ದವನ ಮೇಲೆ ಮುಂದುವರಿಯುವಂತಿಲ್ಲ. ಪೇಜ್ ಸೋತದ್ದು ಸರಿಯಾಗಿ ಅವೆರಡರಿಂದಲೇ.

ಆ ಪಂದ್ಯದ ವಿಡಿಯೊವನ್ನು ನಮ್ಮ ಕೋಚ್ ತರಗತಿಯಲ್ಲಿ ನಿಧಾನಗತಿಯಲ್ಲಿ ಓಡಿಸಿ ತೋರಿಸುತ್ತಾರೆ. ಈಗ ಅಲ್ಲಿ ಎರಡು ಅಭ್ಯಾಸಗಳೂ ಬೇರೆ ಬೇರೆ. ಮಂಗಳವಾರ “ಸ್ಟಾಪ್” ಇರುವ ಆಟ, ಟೂರ್ನಿಗೆ ಹೋಗುವವರಿಗೆ. ಗುರುವಾರ ಯಾರೂ ನಿಲ್ಲಿಸುವುದಿಲ್ಲ: ತೋಳಿಗೆ ತೋಳು ತಾಗಿದ ಮೇಲಿನ ಕೆಲಸ, ಹತ್ತಿರದ ಏಟು, ಮುಂಗಾಲಿಗೆ ಬೀಳುವ ಒದೆ. ಮಂಗಳವಾರ ಮಿಂಚುವ ಹದಿನಾರರ ಹುಡುಗರು ಗುರುವಾರ ಶಿನ್ ಗಾರ್ಡ್ ಕಟ್ಟಿದ್ದರೂ ಮೀನಖಂಡ ಉಜ್ಜುತ್ತ ಗೋಡೆ ಬದಿ ಕೂರುತ್ತಾರೆ, ಗುರುವಾರ ಗಟ್ಟಿಯಾಗಿ ನಿಲ್ಲುವ ನನ್ನಂಥ ಹಳಬರು ಮಂಗಳವಾರ ಅವರ ಕೈಯಲ್ಲಿ ಹಣೆಗೆ ಮುಟ್ಟಿಸಿಕೊಳ್ಳುತ್ತಲೇ ಇರುತ್ತೇವೆ.