ಐವತ್ತು ಪದಗಳಲ್ಲಿ ಹಾಡು ಕಟ್ಟುವವಳಿಗೆ

ಪ್ರೀತಿಯ ಮಗೂ,

ಹಾಡು ಕಟ್ಟುವ ಸ್ಪರ್ಧೆಗೆ ಹೆಸರು ಕೊಟ್ಟಿದ್ದೀಯ ಎಂದು ಅಕ್ಕ ಹೇಳಿದಳು. ನೀನು ಕಳಿಸಿದ ನಿಯಮದ ಹಾಳೆಯನ್ನೂ ನೋಡಿದೆ. ಇಡೀ ಹಾಡಿನಲ್ಲಿ ಬೇರೆ ಬೇರೆ ಪದಗಳು 50 ಮೀರಬಾರದು, ಇದ್ದ ಪದವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. "ಇಷ್ಟರಲ್ಲಿ ಏನು ಹೇಳೋಕಾಗುತ್ತೆ ಮಾವ?" ಎಂದು ಕೇಳಿದ್ದೀಯ. ಇದೇ ಪ್ರಶ್ನೆ ಹೊತ್ತು ಕೂತವರು ನಿನ್ನ ಓರಗೆಯಲ್ಲಿ ಇನ್ನೂ ಇರುತ್ತಾರೆ. ಅದಕ್ಕೇ ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಸಂಘಟಕರಿಂದ ಒಂದು ಮಾತು ಖಚಿತ ಮಾಡಿಕೊ. ಮನೆ, ಮನೆಗೆ, ಮನೆಯಲ್ಲಿ ಇವು ಅವರ ಎಣಿಕೆಯಲ್ಲಿ ಒಂದು ಪದವೋ, ಮೂರೋ? ಮೂರು ಎಂದರೆ ನಿನ್ನ ದಾರಿ ಬೇರೆ. ಆಗ ಸಾಲುಗಳನ್ನೇ ಇಡಿಯಾಗಿ ಮರಳಿ ತರಬೇಕಾಗುತ್ತದೆ, ಪಲ್ಲವಿಯ ಮೇಲೆ ಹಾಡು ನಿಲ್ಲಬೇಕಾಗುತ್ತದೆ. ಒಂದೇ ಪದ ಎಂದರೋ, ನಿನ್ನ ಕೈಯಲ್ಲಿರುವುದು ಸಣ್ಣ ಗಂಟಲ್ಲ.

ಏಕೆ ಎನ್ನುವುದಕ್ಕೆ ಅಮೆರಿಕದ ಒಂದು ಪ್ರಸಂಗ ನೋಡು. ಡಾಕ್ಟರ್ ಸ್ಯೂಸ್ ಎಂಬ ಹೆಸರಿನಲ್ಲಿ ಮಕ್ಕಳಿಗಾಗಿ ಬರೆಯುತ್ತಿದ್ದ ಥಿಯೊಡೋರ್ ಗೈಸೆಲ್ 1957ರಲ್ಲಿ 'ದ ಕ್ಯಾಟ್ ಇನ್ ದ ಹ್ಯಾಟ್' ಪುಸ್ತಕವನ್ನು 236 ಬೇರೆ ಬೇರೆ ಪದಗಳಲ್ಲಿ ಮುಗಿಸಿದ್ದರು. 50 ಪದಗಳಲ್ಲಿ ಪುಸ್ತಕ ಬರೆಯಲು ನಿಮ್ಮಿಂದಾಗದು ಎಂದು ಪ್ರಕಾಶಕ ಬೆನೆಟ್ ಸರ್ಫ್ 50 ಡಾಲರ್ ಪಂಥ ಕಟ್ಟಿದರು. 1960ರಲ್ಲಿ ಬಂದ 'ಗ್ರೀನ್ ಎಗ್ಸ್ ಅಂಡ್ ಹ್ಯಾಮ್' ಆ ಪಂಥದ ಫಲ, ಇಂದಿಗೂ ಮಕ್ಕಳು ರಾಗ ಎಳೆದು ಓದುವ ಪ್ರಾಸದ ಪದ್ಯ. ಆ 50 ಪದಗಳ ಪಟ್ಟಿಯನ್ನು ನಾನು ಕನ್ನಡದವನ ಕಣ್ಣಿಂದ ನೋಡುತ್ತೇನೆ. ಎ, ದ, ಇನ್, ವಿತ್, ಅಂಡ್, ಆರ್, ಇಫ್, ನಾಟ್, ವಿಲ್, ವುಡ್, ಕುಡ್, ಮೇ ಇವೆಲ್ಲ ಆ ಐವತ್ತರೊಳಗೇ ಜಾಗ ಹಿಡಿದು ಕೂತಿವೆ. ನಮಗೆ ಇವುಗಳಲ್ಲಿ ಹೆಚ್ಚಿನವು ಪದದ ಬಾಲದಲ್ಲೇ ಸಿಗುತ್ತವೆ. ಮನೆಯಲ್ಲಿ, ಮನೆಯೂ, ಮನೆಯೋ, ಬಂದರೆ, ಬಾರದೆ, ಬಂದೀತು. ಅವರು ಖರ್ಚು ಮಾಡಿದ ಕಡೆ ನಿನಗೆ ಖರ್ಚೇ ಇಲ್ಲ.

ಹಾಗಾಗಿ ನಾಮಪದ ಹುಡುಕುತ್ತ ಅಲೆಯಬೇಡ. ಒಂದು ಒಳ್ಳೆಯ ಕ್ರಿಯಾಪದ ಹಿಡಿ. 'ಬರು' ಎಂಬುದನ್ನೇ ತಗೋ. ಮಳೆ ಬರುತ್ತದೆ, ಜ್ವರ ಬರುತ್ತದೆ, ನಿದ್ದೆ ಬರುತ್ತದೆ, ಅಳು ಬರುತ್ತದೆ, ಸಂಬಳ ಬರುತ್ತದೆ, ಹಬ್ಬ ಬರುತ್ತದೆ, ಈಜು ಬರುತ್ತದೆ, ನೆನಪು ಬರುತ್ತದೆ. ನಮ್ಮ ಬದುಕಿನಲ್ಲಿ ಬರದೇ ಇರುವುದು ಯಾವುದಿದೆ! ಅದರ ರೂಪಗಳೋ ಬಾ, ಬಂದ, ಬರಲಿ, ಬಂದರೆ, ಬಾರದ, ಬರಲಾರೆ ಎಂದು ಬೆಳೆಯುತ್ತಲೇ ಹೋಗುತ್ತವೆ. ಮಗಳ ದಾರಿ ಕಾಯುವ ತಾಯಿಯ ಬಾಯಲ್ಲಿ ಅದನ್ನು ಇಟ್ಟು, ನಿನಗೆ ತೋರಿಸಲೆಂದೇ ನಾಲ್ಕು ಸಾಲು ಕಟ್ಟಿದ್ದೇನೆ:

ಮಳೆ ಬಂತು ಮಗಳೇ, ಬಸ್ಸೂ ಬಂತು
ಬರುವೆ ಎಂದವಳು ನೀ ಬರಲಿಲ್ಲ
ಬಂದೀಯೆ ಎಂದು ಬಾಗಿಲ ಹಾಕದೆ
ಬಾರದವಳಿಗೆ ದೀಪ ಇಟ್ಟೆ

ಮಳೆ, ಬರು, ಮಗಳು, ಬಸ್ಸು, ಎನ್ನು, ನೀನು, ಬಾಗಿಲು, ಹಾಕು, ದೀಪ, ಇಡು. ಹತ್ತಾಯಿತು. 'ಅವಳು', 'ಇಲ್ಲ' ಎಂಬುವನ್ನು ಬಿಡಿಸಿ ಎಣಿಸಿದರೂ ಹನ್ನೆರಡು. 'ಬರು' ಆರು ಸಲ ಬಂದಿದೆ, ಆದರೆ ಅದರ ಕೆಲಸ ಸಾಲಿನಿಂದ ಸಾಲಿಗೆ ಬೇರೆ. ಮೊದಲ ಸಾಲಿನಲ್ಲಿ ಅದು ಬರೀ ಸುದ್ದಿ. ಎರಡನೆಯದರಲ್ಲಿ ಕೊಟ್ಟ ಮಾತು, ತಪ್ಪಿದ ಮಾತು. ಮೂರನೆಯದರಲ್ಲಿರುವ 'ಬಂದೀಯೆ' ಎಂಬ ರೂಪವನ್ನು ಗಮನಿಸು. ಬರಬಹುದು, ಬಾರದೆಯೂ ಇರಬಹುದು, ಆದರೂ ಬಂದರೆ ಚೆನ್ನ ಎಂಬ ಆಸೆಯೆಲ್ಲ ಅದರಲ್ಲಿದೆ. ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥಕ ರೂಪ ಎನ್ನುತ್ತಾರೆ. ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಓದಿ ಮರೆತದ್ದು ಹಾಡಿನಲ್ಲಿ ಇಷ್ಟು ಭಾರ ಹೊರುತ್ತದೆ ಎಂದರೆ ನನಗೆ ಈಗಲೂ ಬೆರಗು.

ಆ ನಾಲ್ಕು ಸಾಲಿನಲ್ಲಿ ಇನ್ನೊಂದು ಸಂಗತಿ ಇದೆ, ನಾನು ನಿನಗೆ ಹೇಳಲೇಬೇಕೆಂದಿರುವುದು ಅದೇ. 'ಬರು' ಮತ್ತೆ ಮತ್ತೆ ಕೇಳಿ ಕಿವಿ ಅದಕ್ಕೆ ಒಗ್ಗಿದ ಮೇಲೆ, ಕೊನೆಯಲ್ಲಿ 'ದೀಪ' ಎಂಬ ಹೊಸ ಪದ ಬರುತ್ತದೆ. ನೂರಾರು ಪದಗಳಿರುವ ಹಾಡಿನಲ್ಲಿ ದೀಪ ಯಾರ ಗಮನಕ್ಕೂ ಬೀಳುತ್ತಿರಲಿಲ್ಲ. ಇಲ್ಲಿ ಅದು ತಟ್ಟನೆ ಕೇಳಿಸುತ್ತದೆ. ಪದಗಳಿಗೆ ಕಟ್ಟು ಹಾಕಿದಾಗ ಕೈಗೆ ಬರುವ ಬಲ ಇದು. ಯಾವ ಪದವನ್ನು ಯಾವ ಹೊತ್ತಿಗೆ ಕೇಳುಗನಿಗೆ ಕೊಡಬೇಕು ಎಂಬುದು ನಿನ್ನ ಹಿಡಿತದಲ್ಲಿರುತ್ತದೆ. ಆದ್ದರಿಂದ ಐವತ್ತನ್ನೂ ಮೊದಲ ಚರಣದಲ್ಲೇ ಸುರಿದುಬಿಡಬೇಡ. ಹತ್ತನ್ನಾದರೂ ಕೊನೆಯ ಚರಣಕ್ಕೆ ತೆಗೆದಿಡು. ಅವುಗಳಲ್ಲಿ ಒಂದೆರಡು, ಹಾಡಿನ ತಿರುಳನ್ನೇ ತಿರುಗಿಸುವಂಥವಿರಲಿ.

ಹಾಡುವವರು ಯಾರು ಎಂಬುದನ್ನು ಪದಗಳಿಗಿಂತ ಮುಂಚೆ ಗೊತ್ತುಮಾಡಿಕೊ. ತಾನಾಗಿಯೇ ಕಡಿಮೆ ಪದಗಳಲ್ಲಿ ಮಾತಾಡುವ ಜೀವವನ್ನು ಆರಿಸು. ಹಟ ಹಿಡಿದ ಮಗು, ಗೇಟಿನ ಹೊರಗೆ ನಿಂತು ಕರೆಯುವವನು, ಸಿಟ್ಟಿನಲ್ಲಿ ಮಾತು ಬಿಟ್ಟ ಹೆಂಡತಿ, ಹೇಳಿದ್ದನ್ನೇ ಹೇಳುವ ಅಜ್ಜಿ. ಅಂಥವರ ಬಾಯಲ್ಲಿ ಮರುಕಳಿಸುವ ಮಾತು ಸಹಜವಾಗಿರುತ್ತದೆ. ಲೋಕದ ಸ್ಥಿತಿಗತಿ ವಿವರಿಸುವ ಹಾಡಿಗೆ ಇಳಿದರೆ 50 ಪದ ಎರಡು ನಿಮಿಷಕ್ಕೆ ಮುಗಿದುಹೋಗಿ ನೀನು ಲಾಲಲ ಎಂದು ತುಂಬಿಸಲು ಕೂರುತ್ತೀಯ. ಲಾಲಲ ನನಗೆ ಸ್ವಲ್ಪವೂ ಇಷ್ಟವಿಲ್ಲ, ನಿಯಮ ಅದಕ್ಕೆ ಅಡ್ಡ ಬರದಿದ್ದರೂ ಸರಿ. ಬೀಸುವ ಕಲ್ಲಿನ ಮುಂದೆ ತ್ರಿಪದಿ ಹಾಡಿದ ಹೆಣ್ಣುಮಕ್ಕಳು ತವರು, ತಾಯಿ, ಕೂಸು, ಅಣ್ಣ ಎಂಬ ದಿನದ ಮಾತುಗಳಲ್ಲೇ ತಮ್ಮ ಲೋಕವನ್ನೆಲ್ಲ ಹಾಡಿದರು. ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ತಂದ 'ಗರತಿಯ ಹಾಡು' ಸಿಕ್ಕರೆ ಓದು. ಅದರಿಂದ ಸಾಲು ಎತ್ತಿಕೊಳ್ಳಬೇಡ, ಒಂದು ಮಾತು ಎಷ್ಟು ಬಗೆಯಲ್ಲಿ ಮರಳಿ ಬರುತ್ತದೆ ಎಂಬುದನ್ನು ನೋಡು.

ನಿನ್ನ ಸ್ನೇಹಿತನ ಗುಂಪಿಗೆ ಬೇರೆ ನಿಯಮ ಬಂದಿದೆಯಂತೆ, ಸಂಸ್ಕೃತ ಪದ ಕೂಡದು ಎಂದು. ಅವನಿಗೆ ಆಂಡಯ್ಯನ ಹೆಸರು ಹೇಳು. ಹದಿಮೂರನೆಯ ಶತಮಾನದಲ್ಲಿ ಆತ ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು 'ಕಬ್ಬಿಗರ ಕಾವ' ಎಂಬ ಇಡೀ ಕಾವ್ಯ ಬರೆದ. ಆದರೆ ಕನ್ನಡದ ಬಾಯಿಗೆ ಒಗ್ಗಿ ರೂಪ ಬದಲಿಸಿದ ತದ್ಭವಗಳನ್ನು ಬಿಡಲಿಲ್ಲ. ಅವನ ಕಥಾನಾಯಕ ಕಾಮನೇ ಕಾವನಾಗಿ ಬಂದ. ಗೆರೆ ಎಲ್ಲಿದೆ ಎಂದು ಕರಾರುವಾಕ್ಕಾಗಿ ತಿಳಿದಿದ್ದರಿಂದಲೇ ಆತ ಅದರ ಈಚೆಗೆ ಅಷ್ಟು ಧಾರಾಳವಾಗಿ ಓಡಾಡಿದ. ಆಕಾಶ ಬೇಡವೆಂದರೆ ಆಗಸ ಉಂಟು, ವರ್ಣದ ಬದಲು ಬಣ್ಣ ಉಂಟು. ಬಣ್ಣವನ್ನು ಹಾಡುವುದೇ ಸುಖ ಅಲ್ಲವೇ?

ಪ್ರಾಸದ ವಿಷಯದಲ್ಲಿ ನಿನ್ನನ್ನು ಎಚ್ಚರಿಸಬೇಕು. 'ಮನೆಯಲ್ಲಿ, ಮನದಲ್ಲಿ, ದಾರಿಯಲ್ಲಿ' ಎಂದು ಸಾಲಿನ ಕೊನೆಗೆ 'ಅಲ್ಲಿ' ಹೊಂದಿಸುವುದು ತೀರ ಅಗ್ಗ. ವಿಭಕ್ತಿ ಪುಕ್ಕಟೆಯಾಗಿ ಕೊಡುವ ಪ್ರಾಸ ಕೇಳುಗನ ಕಿವಿಗೂ ಪುಕ್ಕಟೆಯಾಗಿಯೇ ಕೇಳುತ್ತದೆ. ನಮ್ಮ ಹಳೆಯ ಕವಿಗಳ ಹಾಗೆ ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿದು ನೋಡು. 'ಬಾಗಿಲು', 'ಕೂಗಿದೆ', 'ಬೇಗನೆ' ಇವು ಮೂರು ಸಾಲುಗಳ ತಲೆಯಲ್ಲಿದ್ದರೆ ಗಕಾರವೇ ಹಾಡನ್ನು ಹೊಲಿದುಕೊಂಡು ಹೋಗುತ್ತದೆ. ಪಾಪ್ ಟ್ಯೂನಿಗೂ ಇದು ಕೂರುತ್ತದೆ, ಸಂಶಯ ಬೇಡ.

ಟ್ಯೂನ್ ಎಂದೆನಲ್ಲ. ನಿನ್ನ ಗಿಟಾರಿನ ಹುಡುಗ ಟ್ಯೂನ್ ಮೊದಲು ಕೊಡುತ್ತಾನಾದರೆ, ಎಳೆಯುವ ಸ್ವರ ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊ. ಆ ಜಾಗಕ್ಕೆ 'ಬಾ', 'ಮಗಳೇ' ಥರದ ದೀರ್ಘ ಇರುವ ಪದಗಳನ್ನು ಕಾಯ್ದಿರಿಸು. ಒತ್ತಕ್ಷರದ ಮೇಲೆ ದನಿ ಎಳೆಯಲು ಬಾರದು, 'ಬಸ್ಸು' ಎಂಬುದನ್ನು ಎಳೆದರೆ ಉಕಾರ ತೆಳ್ಳಗಾಗಿ ಕೇಳಿಸುತ್ತದೆ. ಮೀಟರಿಗೆ ಕೂರದ ಪದ ಎಷ್ಟು ಚೆಂದವಿದ್ದರೂ ಪಟ್ಟಿಯಿಂದ ತೆಗೆ, ಅದರ ಜಾಗಕ್ಕೆ ಇನ್ನೊಂದು ಬರಲಿ.

ಪಟ್ಟಿಯನ್ನಂತೂ ಮೊದಲೇ ಮಾಡಿಕೊಂಡು ಕೂರಬೇಡ. ಮೊದಲ ಕರಡನ್ನು ಎಣಿಸದೆ, ನೀನು ಆರಿಸಿದ ಜೀವ ಮಾತಾಡಿದ ಹಾಗೆ ಬರೆ. ಆಮೇಲೆ ಎಣಿಸು. ಎಪ್ಪತ್ತು ಎಂಬತ್ತು ಬಂದರೆ ಹೆದರಬೇಡ. ಮೊದಲು ವಿಶೇಷಣಗಳನ್ನು ಹೊಡೆದುಹಾಕು, ಆಮೇಲೆ ಒಂದೇ ಸಲ ಬಂದು ಹೋಗುವ ನಾಮಪದಗಳನ್ನು. ಉಳಿದವನ್ನು ಒಂದೊಂದಾಗಿ ಬಾಯಲ್ಲಿ ಹಾಡಿ ನೋಡು.

ಮುಗಿದ ಮೇಲೆ ನಿಯಮವೇ ಗೊತ್ತಿಲ್ಲದ ಒಬ್ಬರಿಗೆ ಹಾಡಿ ಕೇಳಿಸು. ಅಕ್ಕನಿಗೆ ಬೇಡ, ಅವಳಿಗೆ ನೀನು ಆಗಲೇ ಎಲ್ಲ ಹೇಳಿದ್ದೀಯ. ಕೇಳಿದವರು ನಿನ್ನ ಹಾಡಿನ ಜೀವಕ್ಕೆ ಕೊನೆಗೆ ಏನಾಯಿತು ಎಂದು ವಿಚಾರಿಸಿದರೆ ಹಾಡನ್ನು ಕಳಿಸಿಬಿಡು. ಯಾಕೆ ಒಂದೇ ಪದ ಇಷ್ಟು ಸಲ ಬರುತ್ತದೆ ಎಂದು ಕೇಳಿದರೆ, ಕೊನೆಯ ದಿನಕ್ಕೆ ಇನ್ನೂ ಹೊತ್ತಿದೆ, ಎರಡನೆಯ ಚರಣದಿಂದ ಮತ್ತೆ ಕೂರು.

ಇಂತು,
ನಿನ್ನ ಸೋದರಮಾವ