ಸನದು ಬಂತು, ಪರೀಕ್ಷೆ ಬಾಕಿ ಇದೆ: ಸೊಲ್ಲಾಪುರ, ಅಕ್ಕಲಕೋಟದ ಹೊಸ ವಕೀಲರು ತಿಳಿದಿರಬೇಕಾದದ್ದು

ಅಕ್ಕಲಕೋಟ, ದುಧನಿ, ಮೈಂದರ್ಗಿ, ನಾಗಣಸೂರ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಕಾನೂನು ಓದಲು ಎರಡು ದಾರಿಗಳಿವೆ. ಒಂದು ಸೊಲ್ಲಾಪುರದ ದಯಾನಂದ ಲಾ ಕಾಲೇಜಿನದು. ಇನ್ನೊಂದು ಗಡಿ ದಾಟಿ ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಲಾ ಕಾಲೇಜಿಗೋ ವಿಜಯಪುರಕ್ಕೋ ಹೋಗುವುದು. ಯಾವ ದಾರಿ ಹಿಡಿದರೂ ಕೊನೆಗೆ ಎದುರಾಗುವುದು ಒಂದೇ ಪರೀಕ್ಷೆ. ಭಾರತೀಯ ವಕೀಲರ ಪರಿಷತ್ತು ನಡೆಸುವ ಅಖಿಲ ಭಾರತ ವಕೀಲರ ಪರೀಕ್ಷೆ, ಅಂದರೆ ಎಲ್ಲರ ಬಾಯಲ್ಲಿರುವ ಎಐಬಿಇ. ಇದು ಶುರುವಾದದ್ದು 2011ರ ಮಾರ್ಚ್ 6ರಂದು. 2009-10ರ ಶೈಕ್ಷಣಿಕ ವರ್ಷದಿಂದ ಈಚೆಗೆ ಪದವಿ ಪಡೆದವರೆಲ್ಲ ಇದನ್ನು ಪಾಸಾಗಲೇಬೇಕು.

ಎಷ್ಟು ಅಂಕ ಬಂದರೆ ಪಾಸು ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಅದನ್ನು ಕೆಳಗೆ ವಿವರವಾಗಿ ಹೇಳುತ್ತೇನೆ. ಆದರೆ ನಮ್ಮ ಗಡಿಭಾಗದವರಿಗೆ ಅಂಕಕ್ಕಿಂತ ದೊಡ್ಡ ತೊಡಕುಗಳು ಎರಡಿವೆ. ಹೆಸರನ್ನು ಯಾವ ರಾಜ್ಯದ ಪಟ್ಟಿಯಲ್ಲಿ ಬರೆಸಬೇಕು ಎಂಬ ಗೊಂದಲ ಒಂದು. ಬರೆಸಿದ ಮೇಲೆ ಸದ್ದಿಲ್ಲದೆ ಓಡುವ ಎರಡು ವರ್ಷದ ಗಡುವು ಇನ್ನೊಂದು.

ಮೊದಲನೆಯದಕ್ಕೆ 1961ರ ವಕೀಲರ ಅಧಿನಿಯಮದ 25ನೇ ಕಲಮಿನಲ್ಲಿ ನೇರ ಉತ್ತರವಿದೆ. ನೀವು ಎಲ್ಲಿ ವಕೀಲಿ ಮಾಡಬೇಕೆಂದಿದ್ದೀರೋ ಆ ರಾಜ್ಯದ ಪರಿಷತ್ತಿಗೆ ಅರ್ಜಿ ಹಾಕಬೇಕು. ಪದವಿ ಎಲ್ಲಿಂದ ಬಂತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕಲಬುರಗಿಯಲ್ಲಿ ಓದಿ ಅಕ್ಕಲಕೋಟದ ಕೋರ್ಟಿನಲ್ಲಿ ನಿಲ್ಲುವವರ ಅರ್ಜಿ ಹೋಗಬೇಕಾದದ್ದು ಮುಂಬೈಯಲ್ಲಿರುವ ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿಗೆ, ಬೆಂಗಳೂರಿಗಲ್ಲ. ಎರಡೂ ಕಡೆ ಹೆಸರಿರಲಿ ಎನ್ನುವಂತಿಲ್ಲ, 17ನೇ ಕಲಮು ಅದನ್ನು ತಡೆಯುತ್ತದೆ. ಮುಂದೆ ಊರು ಬದಲಾಯಿಸಬೇಕಾಗಿ ಬಂದರೆ 18ನೇ ಕಲಮಿನಡಿ ಭಾರತೀಯ ಪರಿಷತ್ತಿಗೆ ಅರ್ಜಿ ಕೊಟ್ಟು ಹೆಸರನ್ನು ವರ್ಗಾಯಿಸಿಕೊಳ್ಳಬಹುದು. ಹಾಗೆ ವರ್ಗಾಯಿಸಲು ಶುಲ್ಕವಿಲ್ಲ ಎಂದು ಆ ಕಲಮೇ ಹೇಳುತ್ತದೆ.

ಮಹಾರಾಷ್ಟ್ರದ ಪಟ್ಟಿಗೆ ಸೇರಿದರೆ ಕರ್ನಾಟಕದ ಬಾಗಿಲು ಮುಚ್ಚಿತು ಎಂದು ಹೆದರುವವರಿದ್ದಾರೆ. ಆ ಹೆದರಿಕೆ ಬೇಡ. 30ನೇ ಕಲಮು 2011ರ ಜೂನ್ 15ರಿಂದ ಜಾರಿಯಲ್ಲಿದ್ದು, ಪಟ್ಟಿಯಲ್ಲಿರುವ ವಕೀಲರಿಗೆ ದೇಶದ ಎಲ್ಲ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕು ಕೊಡುತ್ತದೆ. ಇಂಡಿಗೋ ಅಫಜಲಪುರಕ್ಕೋ ಹೋಗಿ ನಿಲ್ಲುವ ಮೊದಲು, ಹೊರಗಿನ ವಕೀಲರ ಬಗ್ಗೆ ಅಲ್ಲಿನ ಹೈಕೋರ್ಟಿನ ನಿಯಮವೇನು ಎಂದು ವಿಚಾರಿಸಿಕೊಂಡರೆ ಸಾಕು.

ಇನ್ನು ದುಡ್ಡಿನ ಮಾತು. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಗೌರವ್ ಕುಮಾರ್ ಪ್ರಕರಣದಲ್ಲಿ 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಕಾಯ್ದೆಯಲ್ಲಿ ಬರೆದಿರುವ ಈ ಮೊತ್ತವನ್ನು ಮೀರಿ, ಸ್ಟಾಂಪ್ ಶುಲ್ಕವೊಂದನ್ನು ಬಿಟ್ಟು, ಬೇರೆ ಬೇರೆ ಹೆಸರಿನಲ್ಲಿ ಸಾವಿರಗಟ್ಟಲೆ ವಸೂಲಿ ಮಾಡುವ ಅಧಿಕಾರ ರಾಜ್ಯ ಪರಿಷತ್ತುಗಳಿಗೆ ಇಲ್ಲ. ಆಮೇಲೂ ಐಚ್ಛಿಕ ಶುಲ್ಕ ಎಂಬ ಹೆಸರಿನ ವಸೂಲಿ ನಡೆದಿದೆ ಎಂಬ ದೂರು ಕರ್ನಾಟಕ ಪರಿಷತ್ತಿನ ವಿರುದ್ಧವೇ ಸುಪ್ರೀಂ ಕೋರ್ಟಿಗೆ ಹೋಯಿತು. ಐಚ್ಛಿಕ ಎಂಬುದೇ ಇಲ್ಲ, ನಿಲ್ಲಿಸಿ ಎಂದು ಕೋರ್ಟು 2025ರ ಆಗಸ್ಟಿನಲ್ಲಿ ಹೇಳಿತು. ಆದ್ದರಿಂದ ಕಟ್ಟಿದ ಪ್ರತಿ ರೂಪಾಯಿಗೂ ರಸೀತಿ ಕೇಳಿ, ಅದು ನಿಮ್ಮ ಹಕ್ಕು. ಎಐಬಿಇ ಶುಲ್ಕ ಬೇರೆ. 2024ರ ಡಿಸೆಂಬರಿನ ಪರೀಕ್ಷೆಗೆ ಅದು 3,500 ರೂಪಾಯಿ, ಪರಿಶಿಷ್ಟರಿಗೆ 2,500 ಇತ್ತು. ಇನ್ನೂ ಒಂದು ಪೈಸೆ ಗಳಿಸದವರಿಗೆ ಇದು ಹೊರೆಯೇ ಸರಿ. ಬೀಡಿ ಕಟ್ಟಿ, ಮಗ್ಗದ ಕೂಲಿ ಮಾಡಿ ಮಕ್ಕಳನ್ನು ಓದಿಸುವ ಮನೆಗಳಿರುವ ಸೊಲ್ಲಾಪುರದಲ್ಲಿ ಇದನ್ನು ಹೇಳದೆ ಮುಂದೆ ಹೋಗಲಾರೆ.

ಈಗ ಪರೀಕ್ಷೆಗೆ ಬರೋಣ. 100 ಪ್ರಶ್ನೆ, ಒಂದೊಂದಕ್ಕೆ ಒಂದು ಅಂಕ, ನಾಲ್ಕರಲ್ಲಿ ಒಂದು ಉತ್ತರ ಆರಿಸಬೇಕು. ಸಮಯ ಮೂರೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಸಾಮಾನ್ಯ ವರ್ಗ ಮತ್ತು ಒಬಿಸಿಯವರಿಗೆ ಶೇ. 45 ಬಂದರೆ ಪಾಸು. ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 40. ಸಾಮಾನ್ಯ ವರ್ಗಕ್ಕೆ ಮೊದಲು 40 ಇದ್ದ ಗೆರೆ 45ಕ್ಕೆ ಏರಿದ್ದು 2023ರ ಡಿಸೆಂಬರಿನ ಹದಿನೆಂಟನೇ ಪರೀಕ್ಷೆಯಿಂದ. ಹಳೆಯ ಪುಸ್ತಕಗಳಲ್ಲಿ, ಹಿರಿಯ ವಕೀಲರ ಮಾತಿನಲ್ಲಿ 40 ಎಂದೇ ಉಳಿದಿದ್ದರೆ ಅದನ್ನು ನಂಬಿ ಕೂರಬೇಡಿ. ಮಹಾರಾಷ್ಟ್ರದ ವಿಜೆಎನ್‌ಟಿ, ಎಸ್‌ಬಿಸಿ ವರ್ಗಗಳ ಪ್ರಮಾಣಪತ್ರ ಇರುವವರೂ ಇಲ್ಲಿ ರಿಯಾಯಿತಿ ನಿರೀಕ್ಷಿಸುವಂತಿಲ್ಲ. ಇದು ಕೇಂದ್ರದ ಪರೀಕ್ಷೆ, ರಿಯಾಯಿತಿ ಮೇಲೆ ಹೇಳಿದವರಿಗಷ್ಟೇ. ತಪ್ಪಾಗಿ ಛಾಪಿಸಿದ ಪ್ರಶ್ನೆಗಳನ್ನು ಅಂತಿಮ ಉತ್ತರ ಪಟ್ಟಿಯಲ್ಲಿ ಕೈಬಿಟ್ಟರೆ, ಉಳಿದ ಪ್ರಶ್ನೆಗಳ ಮೇಲೆ ಶೇಕಡಾ ಹಾಕುತ್ತಾರೆ. ಏಳು ಪ್ರಶ್ನೆ ಹೋಗಿ 93 ಉಳಿದರೆ ಶೇ. 45 ಅಂದರೆ 41.85, ಹಾಗಾಗಿ 42 ಬೇಕಾಗುತ್ತದೆ.

ವಿಷಯಗಳು 19. ಪಟ್ಟಿ ನೋಡಿದರೆ ಕೈಕಾಲು ತಣ್ಣಗಾಗುತ್ತವೆ, ಆದರೆ ಅಂಕ ಹಂಚಿರುವ ರೀತಿಯನ್ನು ಗಮನಿಸಿ. ಸಂವಿಧಾನ, ಸಿವಿಲ್ ಪ್ರಕ್ರಿಯಾ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಈ ಮೂರರಿಂದ ತಲಾ 10. ನ್ಯಾಯ ಸಂಹಿತೆ, ಸಾಕ್ಷ್ಯ ಅಧಿನಿಯಮ, ಕೌಟುಂಬಿಕ ಕಾನೂನು, ಹಾಗೂ ಕರಾರು, ಆಸ್ತಿ, ಚೆಕ್ಕಿನ ಕಾನೂನುಗಳ ಗುಂಪು, ಇವುಗಳಿಂದ ತಲಾ 8. ಅಲ್ಲಿಗೆ 62 ಆಯಿತು. ಈ ಏಳನ್ನು ಗಟ್ಟಿಮಾಡಿಕೊಂಡವರು ಉಳಿದ ಹನ್ನೆರಡು ವಿಷಯಗಳನ್ನು ಮುಟ್ಟುವ ಮೊದಲೇ ಗೆರೆಯ ಹತ್ತಿರ ಬಂದಿರುತ್ತಾರೆ. ತಾಲೂಕು ಕೋರ್ಟಿನಲ್ಲಿ ದಿನಾ ಓಡಾಡುವ ಕೆಲಸವೂ ಹೆಚ್ಚಾಗಿ ಈ ಏಳರದ್ದೇ. 2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ಅದಕ್ಕೆ ಮುಂಚಿನ ಅಪರಾಧಗಳಿಗೆ ಐಪಿಸಿಯೇ ಅನ್ವಯಿಸುವುದರಿಂದ ಹಳೆಯದನ್ನೂ ಮರೆಯುವಂತಿಲ್ಲ.

ಒಳಗೆ ಬೇರ್ ಆಕ್ಟ್ ಒಯ್ಯಬಹುದು. ಮೊದಮೊದಲು ಗೈಡು, ನೋಟ್ಸು ಎಲ್ಲ ನಡೆಯುತ್ತಿತ್ತು. 2021ರಿಂದ ಅದು ನಿಂತಿದೆ, ಟಿಪ್ಪಣಿ ಇಲ್ಲದ ಬರೀ ಕಾಯ್ದೆಯ ಪ್ರತಿ ಮಾತ್ರ. ಇಡೀ ವರ್ಷ ಓದಿದ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ ಬರಹ ಇದ್ದೇ ಇರುತ್ತದೆ. ಕೊಠಡಿಯ ಮೇಲ್ವಿಚಾರಕರು ಹಾಳೆ ತಿರುವಿ ನೋಡಿದಾಗ ಅದೊಂದೇ ಕಾರಣಕ್ಕೆ ಪುಸ್ತಕ ಹೊರಗೆ ಹೋಗಬಹುದು. ಹಾಗಾಗಿ ಮನೆಯಲ್ಲಿ ಓದುವ ಪ್ರತಿ ಒಂದಿರಲಿ, ಒಯ್ಯುವ ಪ್ರತಿ ಬೇರೆ ಇರಲಿ. ಪುಸ್ತಕ ಇದೆಯೆಂದು ಮೈಮರೆಯಬೇಡಿ. 210 ನಿಮಿಷಕ್ಕೆ 100 ಪ್ರಶ್ನೆ ಎಂದರೆ ಒಂದಕ್ಕೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೆ. ಪ್ರತಿವಾದಿ ಕೈಫಿಯತ್ತು ಸಲ್ಲಿಸಲು ಎಷ್ಟು ದಿನ ಎಂದು ಕೇಳಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಎಂಟನೇ ಆರ್ಡರಿನ ಮೊದಲ ನಿಯಮಕ್ಕೆ ಕೈ ತಾನಾಗಿ ಹೋಗಬೇಕು. ಆರ್ಡರುಗಳು ಕಲಮುಗಳೆಲ್ಲ ಮುಗಿದ ಮೇಲೆ ಬರುತ್ತವೆ ಎಂಬುದೇ ಗೊತ್ತಿಲ್ಲದವರಿಗೆ ಪುಸ್ತಕ ಇದ್ದೂ ಇಲ್ಲದಂತೆ.

ಗಡುವಿನ ಲೆಕ್ಕ ಹೀಗಿದೆ. ಪಟ್ಟಿಗೆ ಹೆಸರು ಸೇರಿದಾಗ ಸಿಗುವ ಸನದು ತಾತ್ಕಾಲಿಕ. ಎರಡು ವರ್ಷದೊಳಗೆ ಎಐಬಿಇ ಪಾಸಾಗಿ ವಕೀಲಿಯ ಪ್ರಮಾಣಪತ್ರ, ಅಂದರೆ ಸಿಒಪಿ ಪಡೆಯಬೇಕು. ಇಲ್ಲವಾದರೆ ಪಾಸಾಗುವವರೆಗೆ ವಾದಿಸುವ ಹಕ್ಕು ನಿಲ್ಲುತ್ತದೆ. ಎಷ್ಟು ಸಲ ಬೇಕಾದರೂ ಬರೆಯಬಹುದು, ವಯಸ್ಸಿನ ಮಿತಿಯೂ ಇಲ್ಲ. ತೊಂದರೆ ಇರುವುದು ಪರೀಕ್ಷೆಯ ದಿನಾಂಕಗಳಲ್ಲಿ. ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಬೇಕೆಂದು ನಿಯಮ ರೂಪಿಸಿದಾಗ ಹೇಳಿದ್ದರೂ, 2023ರ ಡಿಸೆಂಬರ್ 10ರ ನಂತರ ಪರೀಕ್ಷೆ ನಡೆದದ್ದು 2024ರ ಡಿಸೆಂಬರ್ 22ಕ್ಕೆ, ಅದರ ನಂತರ 2025ರ ನವೆಂಬರ್ 30ಕ್ಕೆ. 2024ರ ಜನವರಿಯಲ್ಲಿ ಸನದು ಪಡೆದವರಿಗೆ ಎರಡು ವರ್ಷದಲ್ಲಿ ಸಿಕ್ಕದ್ದು ಎರಡೇ ಅವಕಾಶ. ಅರ್ಜಿಯ ಕೊನೆಯ ದಿನ ಒಮ್ಮೆ ತಪ್ಪಿದರೆ ಅರ್ಧ ಹೋದಂತೆಯೇ. ಮೊದಲ ಅವಕಾಶವನ್ನೇ ಕೊನೆಯದೆಂದು ತಿಳಿದು ಬರೆಯಿರಿ. ಈ ಪರೀಕ್ಷೆ ನಡೆಸುವ ಅಧಿಕಾರ ಪರಿಷತ್ತಿಗಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಫೆಬ್ರುವರಿ 10ರಂದು ಬೋನಿ ಫೋಯ್ ಲಾ ಕಾಲೇಜಿನ ಪ್ರಕರಣದಲ್ಲಿ ಎತ್ತಿಹಿಡಿಯಿತು. ಕೊನೆಯ ಸೆಮಿಸ್ಟರಿನವರಿಗೂ ಬರೆಯಲು ಬಿಡಬೇಕೆಂಬ ಸಲಹೆಯನ್ನೂ ಅದು ಒಪ್ಪಿತು. 2024ರ ಸೆಪ್ಟೆಂಬರಿನಲ್ಲಿ ಕೋರ್ಟಿನ ಆದೇಶದಿಂದಲೇ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಆ ಸಲದ ಪರೀಕ್ಷೆಯ ಬಾಗಿಲು ತೆರೆಯಿತು. ಓದುತ್ತಿರುವವರು ಪ್ರತಿ ಅಧಿಸೂಚನೆಯಲ್ಲೂ ಈ ಸಾಲನ್ನು ಹುಡುಕಿ ನೋಡಬೇಕು.

ಪರೀಕ್ಷೆ ಆರಂಭವಾದಾಗ ಇದ್ದ ಒಂಬತ್ತು ಭಾಷೆಗಳಲ್ಲಿ ಕನ್ನಡವೂ ಇತ್ತು, ಮರಾಠಿಯೂ ಇತ್ತು. ಅರ್ಜಿ ತುಂಬುವಾಗ ಆ ಸಲದ ಭಾಷಾಪಟ್ಟಿ ನೋಡಿ, ಕಾನೂನಿನ ಶಬ್ದಗಳನ್ನು ನೀವು ಯಾವ ಭಾಷೆಯಲ್ಲಿ ಓದಿದ್ದೀರೋ ಅದನ್ನೇ ಆರಿಸಿ. ಶಾಲೆ ಕನ್ನಡದಲ್ಲಿ, ಕಾನೂನು ಇಂಗ್ಲಿಷಿನಲ್ಲಿ ಆಗಿದ್ದರೆ ಅಭಿಮಾನಕ್ಕೆಂದು ಕನ್ನಡ ಪತ್ರಿಕೆ ಆರಿಸಿ ಅಂಕ ಕಳೆದುಕೊಳ್ಳುವುದು ಬೇಡ. ಕನ್ನಡ ನಿಮಗೆ ನಿಜವಾಗಿ ಕೆಲಸಕ್ಕೆ ಬರುವುದು ಪಾಸಾದ ಮೇಲೆ.

ಮಹಾರಾಷ್ಟ್ರದ ಕೆಳಗಿನ ಕೋರ್ಟುಗಳ ಭಾಷೆ ಮರಾಠಿ. ಅಕ್ಕಲಕೋಟ ತಾಲೂಕಿನ ಹಳ್ಳಿಯಿಂದ ಬರುವ ಮುದುಕಿಗೆ ಹೊಲದ ತಕರಾರನ್ನು ಹೇಳಲು ಬರುವುದು ಕನ್ನಡದಲ್ಲಿ. ಕ್ರಿಮಿನಲ್ ಪ್ರಕರಣದಲ್ಲಿ ಸಾಕ್ಷಿ ಬೇರೆ ಭಾಷೆಯಲ್ಲಿ ಮಾತಾಡಿದರೆ ಸಾಧ್ಯವಾದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು. ಆಗದಿದ್ದರೆ ಕೋರ್ಟಿನ ಭಾಷೆಗೆ ಸರಿಯಾದ ಅನುವಾದ ಆಗಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 312ನೇ ಕಲಮು ಹೇಳುತ್ತದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆನ್ನುವುದು 314ನೇ ಕಲಮು. ಈ ಹಕ್ಕುಗಳು ಕಾಗದದಿಂದ ಕಟಕಟೆಗೆ ಇಳಿಯಬೇಕಾದರೆ ಎರಡೂ ಭಾಷೆ ಬಲ್ಲ ವಕೀಲರು ಅಲ್ಲಿ ನಿಂತಿರಬೇಕು. 2025ರ ಆಗಸ್ಟ್ 18ರಿಂದ ಬಾಂಬೆ ಹೈಕೋರ್ಟಿನ ಪೀಠ ಕೊಲ್ಲಾಪುರದಲ್ಲಿ ಕೂರುತ್ತಿದೆ, ಸೊಲ್ಲಾಪುರ ಜಿಲ್ಲೆಯೂ ಅದಕ್ಕೆ ಸೇರಿದೆ. ಮುಂಬೈವರೆಗೆ ಹೋಗಲಾಗದೆ ಮೇಲ್ಮನವಿ ಬಿಟ್ಟವರಿಗೂ ಈಗ ಅಂಥ ವಕೀಲರು ಬೇಕು.

ಪಕ್ಷಗಾರರಿಗೊಂದು ಮಾತು. ವಕಾಲತ್ತಿಗೆ ಸಹಿ ಹಾಕುವ ಮೊದಲು ವಕೀಲರ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಪದವಿ ಈಚಿನದಾಗಿದ್ದರೆ ಸಿಒಪಿ ಬಂದಿದೆಯೇ, ಎರಡು ವರ್ಷದ ಅವಧಿ ಇನ್ನೂ ಇದೆಯೇ ಎಂದೂ ವಿಚಾರಿಸಿ. ಹಾಗೆ ಕೇಳುವುದು ಅಗೌರವವಲ್ಲ. ಹಕ್ಕಿಲ್ಲದೆ ವಕೀಲಿ ಮಾಡಿದವರಿಗೆ 45ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸವಿದೆ. ಪಟ್ಟಿಯಲ್ಲಿರುವ ವಕೀಲರ ದುರ್ನಡತೆಯ ಬಗ್ಗೆ 35ನೇ ಕಲಮಿನಡಿ ಅವರ ರಾಜ್ಯ ಪರಿಷತ್ತಿಗೆ, ಸೊಲ್ಲಾಪುರದವರಾದರೆ ಮುಂಬೈಗೆ, ಲಿಖಿತ ದೂರು ಕೊಡಬಹುದು.